ಬಿಡಿ ಕ್ಯೂ ಬಾಲ್ ತರುವ ಮುನ್ನ ತೂಕ, ವ್ಯಾಸ ನೋಡಿಕೊಳ್ಳಿ

ಪೂಲ್ ಟೇಬಲ್‌ನ ಬಿಳಿ ಬಾಲ್ (ಕ್ಯೂ ಬಾಲ್) ಒಡೆದೋ ಕಳೆದೋ ಹೋದಾಗ ಬಿಡಿಯಾಗಿ ಒಂದನ್ನು ತರಿಸುವವರು ಗಮನಿಸಿ. ‘ಸ್ಟ್ಯಾಂಡರ್ಡ್ ಸೈಜ್’ ಅಂತ ಮಾರಿದ ಒಂದು ಬಾಲ್ ಬಂದಮೇಲೆ ಟೇಬಲ್ ಆಟವೇ ಕೆಟ್ಟಿತು. ಬಡಿದಲ್ಲೇ ಬಿಳಿ ಬಾಲ್ ನಿಲ್ಲಬೇಕಾದ ಸ್ಟಾಪ್ ಶಾಟ್ ನಿಲ್ಲದು, ಬಡಿದು ಹಿಂದಕ್ಕೆ ಬರಬೇಕಾದ ಡ್ರಾ ಬಾರದು, ಓರೆಯಾಗಿ ತಾಗಿಸುವ ಸಲೀಸಾದ ಕಟ್ ಶಾಟ್ ಕೂಡ ಪಾಕೆಟ್ ಬಾಯಿಗೆ ಬಡಿದು ವಾಪಸ್. ಮೊದಲು ಅನುಮಾನ ಬಿದ್ದದ್ದು ಕ್ಯೂ ಕೋಲಿನ ಮೇಲೆ, ಅದರ ತುದಿಯ ಟಿಪ್ ಬದಲಾಯಿತು. ಆಮೇಲೆ ಟೇಬಲ್ ಮೇಲಿನ ಬಟ್ಟೆ ಬ್ರಷ್ ಮಾಡಿದ್ದಾಯಿತು, ಟೇಬಲ್ ಮಟ್ಟ ನೋಡಿದ್ದಾಯಿತು. ಕೊನೆಗೆ ತೂಗಿದರೆ ಬಿಳಿ ಬಾಲ್ 195 ಗ್ರಾಂ, ಉಳಿದವು 166ರ ಆಸುಪಾಸು! ವ್ಯಾಸ 60.3 ಮಿ.ಮೀ. ನಾಣ್ಯ ಹಾಕಿ ಆಡುವ ಟೇಬಲ್‌ಗಳಲ್ಲಿ ಬಿಳಿ ಬಾಲ್ ಬೇರೆ ದಾರಿಯಲ್ಲಿ ಹೊರಬರಲಿ ಎಂದೇ ದೊಡ್ಡದಾಗಿ ಮಾಡುವ ಬಾಲ್ ಅದು.

ಪೂಲ್ ಬಾಲ್‌ನ ಅಳತೆ ಇಷ್ಟು: ವ್ಯಾಸ 57.15 ಮಿ.ಮೀ., 0.127 ಮಿ.ಮೀ. ಹೆಚ್ಚುಕಮ್ಮಿ ನಡೆಯುತ್ತದೆ, ತೂಕ 156ರಿಂದ 170 ಗ್ರಾಂ. ಕ್ಯೂ ಬಾಲ್‌ಗೂ ಇದೇ ಲೆಕ್ಕ.

ಸಮತೂಕದ ಎರಡು ಬಾಲ್ ನೇರವಾಗಿ ಬಡಿದರೆ, ತಿರುಗದೆ ಜಾರುತ್ತಾ ಬಂದ ಬಿಳಿ ಬಾಲ್ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. 195 ಗ್ರಾಂ ಬಾಲ್ 166 ಗ್ರಾಂ ಬಾಲ್‌ಗೆ ಬಡಿದಾಗ ವೇಗದ ಸುಮಾರು ಶೇ 8ರಷ್ಟು ಅದರಲ್ಲೇ ಉಳಿದು ಮುಂದಕ್ಕೆ ಹೋಗುತ್ತದೆ. ಡ್ರಾಗೆಂದು ಕೊಟ್ಟ ಹಿಮ್ಮುಖ ಸ್ಪಿನ್ ಮೊದಲು ಈ ಮುನ್ನುಗ್ಗುವಿಕೆಯನ್ನು ತಡೆಯುವುದರಲ್ಲೇ ಸವೆದುಹೋಗುತ್ತದೆ. ಆಟಗಾರ ಇನ್ನೂ ಕೆಳಗೆ, ಇನ್ನೂ ಜೋರಾಗಿ ಹೊಡೆಯಲು ಹೋಗಿ, ಟಿಪ್ ಜಾರಿ ಮಿಸ್‌ಕ್ಯೂ ಮಾಡುತ್ತಾನೆ. ಬಿಳಿ ಬಾಲ್ ತಿರುಗದೆ ಜಾರುತ್ತಾ ಓರೆಯಾಗಿ ಬಡಿಯುವ ಸ್ಟನ್ ಶಾಟ್‌ನಲ್ಲಿ ಎರಡು ಬಾಲ್ 90 ಡಿಗ್ರಿಯಲ್ಲಿ ಬೇರೆಯಾಗುತ್ತವೆ ಎಂಬ ಲೆಕ್ಕವೂ ಕೈಕೊಡುತ್ತದೆ. ಭಾರದ ಬಾಲ್ ಮುಂದಕ್ಕೆ ವಾಲುತ್ತದೆ. ಹಗುರವಾದರೆ ಇದೆಲ್ಲ ತಿರುಗುಮುರುಗು: ಡ್ರಾ ಸುಲಭವಾಗಿ ಬರುತ್ತದೆ, ಬಡಿದ ಮೇಲೂ ಮುಂದಕ್ಕೆ ಹೋಗಬೇಕಾದ ಫಾಲೋ ಸಾಯುತ್ತದೆ, ಆಟದ ಮೊದಲ ಹೊಡೆತವಾದ ಬ್ರೇಕ್‌ನಲ್ಲಿ ಬಿಳಿ ಬಾಲ್ ಹಿಂದಕ್ಕೆ ಪುಟಿಯುತ್ತದೆ. ಹೊಸಬರು ಇದನ್ನು ತಮ್ಮ ಕೈಚಳಕ ಎಂದುಕೊಳ್ಳುವುದೂ ಉಂಟು.

ಗುರಿ ತಪ್ಪಿಸುವುದು ಗಾತ್ರ. 45 ಡಿಗ್ರಿ ಕಟ್‌ಗೆ ರೂಢಿಯಂತೆ ಗುರಿ ಇಟ್ಟು 60.3 ಮಿ.ಮೀ. ಬಾಲ್ ಹೊಡೆದರೆ ಅದು ಎದುರಿನ ಬಾಲ್‌ಗೆ ಸ್ವಲ್ಪ ಮೊದಲೇ, ಸ್ವಲ್ಪ ದಪ್ಪಗೆ ತಾಗುತ್ತದೆ. ಕಟ್ 43.5 ಡಿಗ್ರಿ ಆಗುತ್ತದೆ. ಒಂದೂವರೆ ಡಿಗ್ರಿ ತಾನೇ ಎನ್ನಬೇಡಿ, ಒಂದು ಮೀಟರ್ ದೂರದಲ್ಲಿ ಅದು ಸುಮಾರು 26 ಮಿ.ಮೀ. ಮೂಲೆ ಪಾಕೆಟ್‌ನ ಬಾಯಿ 114 ಮಿ.ಮೀ. ಇದ್ದರೆ ಬಾಲ್‌ನ ಎರಡೂ ಬದಿಗೆ ಉಳಿಯುವ ಜಾಗವೇ 28 ಮಿ.ಮೀ. ಚಿಲ್ಲರೆ. ಬಾಯಿಗೆ ಬಡಿದು ವಾಪಸ್ ಬರುತ್ತಿದ್ದುದು ಇದಕ್ಕೇ.

ಚಿಕ್ಕ ಬಾಲ್ ಇನ್ನೊಂದು ಥರ ಕಾಡುತ್ತದೆ. ಟೇಬಲ್ ಅಂಚಿನ ರಬ್ಬರ್ ಪಟ್ಟಿ, ಅಂದರೆ ಕುಶನ್‌ನ ಮೂಗು (ಮುಂದಕ್ಕೆ ಚಾಚಿದ ತುದಿ) ಬಾಲ್‌ನ ಎತ್ತರದ ಶೇ 63.5ರ ಹತ್ತಿರ, ಅಂದರೆ ಸುಮಾರು 36.3 ಮಿ.ಮೀ. ಎತ್ತರದಲ್ಲಿರುತ್ತದೆ. 52.5 ಮಿ.ಮೀ.ನ ಸ್ನೂಕರ್ ಬಿಳಿ ಬಾಲ್ ಹಾಕಿದರೆ ಮೂಗು ಅದಕ್ಕೆ ಶೇ 69ರ ಎತ್ತರದಲ್ಲಿ ತಾಗಿ, ಬಾಲ್ ಅನ್ನು ಬಟ್ಟೆಗೆ ಅದುಮುತ್ತದೆ. ಕುಶನ್ ಸತ್ತಿದೆ ಎಂದು ರಬ್ಬರ್ ಬದಲಿಸಲು ಹೊರಡಬೇಡಿ.

ಹಳೇ ಸೆಟ್ ಇರುವವರಿಗೆ ಒಂದು ಮಾತು. ಅಳತೆಗೆ ಸರಿಯಾಗಿರುವ ಹೊಸ ಬಾಲ್ ಕೂಡ ನಿಮಗೆ ಹೊಂದದೇ ಇರಬಹುದು. ವರ್ಷಗಟ್ಟಲೆ ಆಡಿದ ಬಾಲ್‌ಗಳು ಸವೆಯುತ್ತವೆ. ಎಲ್ಲ ಶಾಟ್‌ಗೂ ಏಟು ತಿನ್ನುವ ಬಿಳಿ ಬಾಲ್ ಬೇಗ ಸವೆಯುತ್ತದೆ. ವ್ಯಾಸದಲ್ಲಿ 0.5 ಮಿ.ಮೀ. ಹೋದರೆ ತೂಕದಲ್ಲಿ ನಾಲ್ಕು ಗ್ರಾಂ ಮೇಲೇ ಹೋಗಿರುತ್ತದೆ. ಹಾಗಾಗಿ ಪೆಟ್ಟಿಗೆ ಮೇಲಿನ ಅಂಕಿಗಿಂತ ನಿಮ್ಮ ಹದಿನೈದು ಬಾಲ್‌ಗಳ ಸರಾಸರಿಗೆ ಹೊಸದು ಎಷ್ಟು ಹತ್ತಿರವಿದೆ ಎಂಬುದೇ ಮುಖ್ಯ. ನಮ್ಮ ಪ್ರಕಾರ ಎರಡು ಗ್ರಾಂ ವ್ಯತ್ಯಾಸ ಗೊತ್ತಾಗುವುದಿಲ್ಲ, ಐದು ದಾಟಿದರೆ ಬೇಡವೇ ಬೇಡ.

ತೂಗಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಬಾಲ್ ಉರುಳದಂತೆ ಬಾಟಲಿ ಮುಚ್ಚಳ ಇಟ್ಟು, ಸೊನ್ನೆ ಮಾಡಿ ತೂಗಿ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಮೂರು ದಿಕ್ಕಿನಿಂದ ಅಳೆಯಿರಿ, ಏಕೆಂದರೆ ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕ್ಯಾಲಿಪರ್ ಇಲ್ಲವೇ? ಮೂರು ಬಾಲ್ ಸಾಲಾಗಿ ತಾಗಿಸಿಟ್ಟು, ಅನುಮಾನದ್ದನ್ನು ನಡುವೆ ಇಟ್ಟು, ಮೇಲೆ ಸ್ಟೀಲ್ ಸ್ಕೇಲ್ ಇಡಿ. ನಡುವಿನದು ದೊಡ್ಡದಿದ್ದರೆ ಸ್ಕೇಲ್ ತೊಟ್ಟಿಲಂತೆ ಆಡುತ್ತದೆ, ಚಿಕ್ಕದಿದ್ದರೆ ಅಡಿಯಲ್ಲಿ ಬೆಳಕಿನ ಗೆರೆ ಕಾಣುತ್ತದೆ.

ವ್ಯಾಸ ಒಂದೇ ಇದ್ದು ತೂಕದಲ್ಲಿ ಎಂಟು-ಹತ್ತು ಗ್ರಾಂ ಹೆಚ್ಚುಕಡಿಮೆ ಬಂದರೆ ಅದು ಸವೆತವಲ್ಲ, ಬೇರೆ ವಸ್ತುವಿನ ಬಾಲ್ ಬೆರೆತಿದೆ. ಬಣ್ಣದ ಬಾಲ್‌ಗಳಲ್ಲೂ ಇದನ್ನು ನೋಡಿ. ಒಂದು ಚಿಕ್ಕದಿದ್ದರೂ ಬಾಲ್ ಜೋಡಿಸುವ ಟ್ರಯಾಂಗಲ್‌ನಲ್ಲಿ ಸಂದಿ ಬಿದ್ದು ಬ್ರೇಕ್ ಚದುರುವುದಿಲ್ಲ.

ನಾಣ್ಯದ ಟೇಬಲ್‌ನಲ್ಲಿ ಬಿಳಿ ಬಾಲ್ ಬೇರ್ಪಡಿಸುವ ಆಯಸ್ಕಾಂತದ ವ್ಯವಸ್ಥೆಗೆಂದು ಒಳಗೆ ಲೋಹ ಇಟ್ಟ ಬಿಳಿ ಬಾಲ್‌ಗಳೂ ಬಿಡಿಯಾಗಿ ಸಿಗುತ್ತವೆ. ಗಾತ್ರ, ತೂಕ ಎರಡೂ ಸರಿಯಿದ್ದರೂ ಲೋಹ ನಟ್ಟನಡುವೆ ಇಲ್ಲದಿದ್ದರೆ ಬಾಲ್ ವಾಲುತ್ತದೆ. ಮಟ್ಟವಾದ ಟೇಬಲ್ ಮೇಲೆ ನಿಧಾನವಾಗಿ ಉರುಳಿಸಿ, ಬಾಲ್ ತಿರುಗಿಸಿಟ್ಟು ಮತ್ತೆ ಅದೇ ದಾರಿಯಲ್ಲಿ ಉರುಳಿಸಿ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿದರೆ ದೋಷ ಬಾಲ್‌ನದು. ಎರಡೂ ಸಲ ಒಂದೇ ಕಡೆ ಹೋದರೆ ಟೇಬಲ್‌ನದು.