ಗಾಳಿಯಲ್ಲಿ ಮರದ ಟ್ರೈಪಾಡ್: ಒಂದು ವರ್ಷದ ಬಳಕೆಯ ನಂತರ

4×5 ಇಂಚಿನ ಬಿಡಿ ಫಿಲ್ಮ್ ಹಾಳೆಗಳನ್ನು ಬಳಸುವ, ಮಡಚಿ ಹೊತ್ತೊಯ್ಯಬಹುದಾದ ನನ್ನ ಫೀಲ್ಡ್ ಕ್ಯಾಮೆರಾಕ್ಕೆಂದು ಕೊಂಡ ಆಶ್ ಮರದ ಈ ಟ್ರೈಪಾಡನ್ನು ಒಂದು ವರ್ಷದಿಂದ ಹೆಚ್ಚಾಗಿ ಗಾಳಿ ಬೀಸುವ ಬಯಲುಗಳಲ್ಲೇ ಬಳಸಿದ್ದೇನೆ. ಈ ಗಾತ್ರದ ಫಿಲ್ಮಿಗೆ 150 ಮಿ.ಮೀ. ಲೆನ್ಸೇ ಸಾಮಾನ್ಯವಾದದ್ದು; ಅಂಥ ಲೆನ್ಸಿನಲ್ಲಿ ಒಮ್ಮೆಗೆ ಸ್ಪಷ್ಟವಾಗುವ ಆಳ ಕಡಿಮೆ, ಹಾಗಾಗಿ ಹತ್ತಿರದ ಬಂಡೆಯಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟವಾಗಿ ಮೂಡಬೇಕಾದರೆ ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರವಾದ ಅಪರ್ಚರನ್ನು ಎಫ್/32ರಷ್ಟು ಕಿರಿದುಗೊಳಿಸಬೇಕಾಗುತ್ತದೆ, ಆಗ ಐಎಸ್‌ಒ 100ರಷ್ಟು ಬೆಳಕಿನ ಸಂವೇದನೆಯ ಫಿಲ್ಮಿಗೆ ದಟ್ಟ ಮೋಡ ಕವಿದ ಹಗಲಿನಲ್ಲಿ ಸೆಕೆಂಡಿನ ಮೂರನೇ ಒಂದು ಭಾಗದಷ್ಟಾದರೂ ಬೆಳಕು ಬೇಕು. ಅಷ್ಟರಲ್ಲಿ ಗಾಳಿ ಒಮ್ಮೆ ಬಡಿದರೂ ಹಾಳೆ ದಂಡ.

ಹಳೆಯ ಅಲ್ಯೂಮಿನಿಯಂ ಟ್ರೈಪಾಡಿನ ಕಾಲನ್ನು ಬೆರಳಿನಿಂದ ತಟ್ಟಿ, ಕ್ಯಾಮೆರಾದ ಹಿಂಬದಿಯಲ್ಲಿ ಬಿಂಬ ಮೂಡುವ ಗ್ರೌಂಡ್ ಗ್ಲಾಸಿನ ಮೇಲೆ ಲೂಪ್ ಎಂಬ ಪುಟ್ಟ ಭೂತಗನ್ನಡಿ ಇಟ್ಟು ನೋಡಿದರೆ ಬಿಂಬ ಬಹಳ ಹೊತ್ತು ನಡುಗುತ್ತಿತ್ತು. ಇದರಲ್ಲಿ ಅದೇ ನಡುಕ ಕಣ್ಣು ಮಿಟುಕಿಸುವಷ್ಟರಲ್ಲಿ ಅಡಗುತ್ತದೆ. ಮಧ್ಯದ ಕಂಬ ಇಲ್ಲದಿರುವುದನ್ನು ಕೆಲವರು ಕೊರತೆ ಎನ್ನಬಹುದು, ನನಗಂತೂ ಅದೇ ದೊಡ್ಡ ಗುಣ. ಕಾಲುಗಳನ್ನು ಅಗಲಿಸಿ, ಮೊನೆಗಳನ್ನು ಮಣ್ಣಿಗೆ ಊರಿ, ಕ್ಯಾಮೆರಾವನ್ನು ಎದೆಯೆತ್ತರಕ್ಕಿಂತ ಕೆಳಗೆ ಇಟ್ಟರೆ ಇದು ಬೇರು ಬಿಟ್ಟಂತೆ ನಿಲ್ಲುತ್ತದೆ.

ಆದರೆ ಭಾರ ತೂಗುಹಾಕಲು ಕೊಟ್ಟಿರುವ ಕೊಕ್ಕೆ ನನ್ನ ಎರಡು ಹಾಳೆಗಳನ್ನು ಕೆಡಿಸಿತು. ಅದಕ್ಕೆ ನೇತುಹಾಕಿದ ಚೀಲ ಗಾಳಿಗೆ ಲೋಲಕದಂತೆ ತೂಗಾಡಿ ಟ್ರೈಪಾಡನ್ನೇ ಅಲುಗಿಸುತ್ತಿತ್ತು. ಈಗ ಚೀಲದ ತಳ ನೆಲಕ್ಕೆ ತಾಗುವಂತೆ ಹಗ್ಗ ಬಿಟ್ಟು ಕಟ್ಟುತ್ತೇನೆ. ಮಳೆಯಲ್ಲಿ ನೆನೆದು ಒಣಗಿದ ಮೇಲೆ ಕಾಲಿನ ತಿರುಪುಗಳು ಸಡಿಲಗೊಳ್ಳುವುದರಿಂದ ಪ್ರತಿ ಸಲವೂ ಅವನ್ನು ಪರೀಕ್ಷಿಸಬೇಕು.

‘ಎಂಥ ಗಾಳಿಗೂ ಅಲುಗದು’ ಎಂಬ ಮಾರಾಟಗಾರರ ಮಾತನ್ನು ಮಾತ್ರ ಒಪ್ಪಲಾರೆ. 30 ಸೆಂ.ಮೀ. ಎಳೆದ, 15 ಸೆಂ.ಮೀ. ಎತ್ತರದ ಬೆಲ್ಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆಯ ತಿದಿ) ಪಕ್ಕದಿಂದ ಬರುವ ಗಾಳಿಗೆ ಸುಮಾರು 450 ಚದರ ಸೆಂ.ಮೀ. ಹಾಯಿಯನ್ನೇ ಒಡ್ಡುತ್ತದೆ; ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಕಾಲುಗಳು ಕದಲದಿದ್ದರೂ ಲೆನ್ಸ್ ಹಿಡಿದ ಮುಂಭಾಗ ಓಲಾಡುತ್ತದೆ, ಇದಕ್ಕೆ ಯಾವ ಟ್ರೈಪಾಡೂ ಮದ್ದಲ್ಲ. ನಾನು ಫೋಕಸ್ ಮುಗಿದೊಡನೆ ಬಿಂಬ ನೋಡಲು ತಲೆಗೆ ಹೊದೆಯುವ, ಪಟಪಟಿಸುವ ಕಪ್ಪು ಬಟ್ಟೆಯನ್ನು ತೆಗೆದಿಟ್ಟು, ಗಾಳಿ ಬರುವ ಕಡೆ ಕೊಡೆಯನ್ನು ಕ್ಯಾಮೆರಾಕ್ಕೆ ತಾಗದಂತೆ ಅಡ್ಡ ಹಿಡಿದು, ಕ್ಯಾಮೆರಾ ಮುಟ್ಟದೆ ಶಟರ್ ಒತ್ತುವ ತಂತಿಯಾದ ಕೇಬಲ್ ರಿಲೀಸನ್ನು ಸಡಿಲವಾಗಿ ಬಿಟ್ಟು, ಎದುರಿನ ಹುಲ್ಲಿನ ತೆನೆಗಳು ತಟಸ್ಥವಾಗುವವರೆಗೆ ಕಾಯುತ್ತೇನೆ. ಒಮ್ಮೊಮ್ಮೆ ಅರ್ಧ ಗಂಟೆಯೂ ಹಿಡಿಯುತ್ತದೆ.

ಹೊರುವುದು ಕಷ್ಟವೇ. ಕ್ಯಾಮೆರಾ ಕೂರಿಸುವ ತಲೆಭಾಗವೂ ಸೇರಿ ಸುಮಾರು 5 ಕಿಲೋ ತೂಗುವ ಇದನ್ನು ಗಾಳಿಯಿಲ್ಲದ ಕಾಡಿನೊಳಗೆ ಒಯ್ಯುವುದಿಲ್ಲ; ಬಯಲಿಗೆ ಹೊರಟರೆ ಬೇರೊಂದನ್ನು ಮುಟ್ಟುವುದಿಲ್ಲ.