ಜೊಟೆರೊ 7: ಅಂತರ್‌ಶಿಸ್ತೀಯ ಪಿಎಚ್‌ಡಿಯ ಕ್ವಾಲಿಫೈಯಿಂಗ್ ಪರೀಕ್ಷೆಗೆ ಎಷ್ಟು ನೆರವಾದೀತು?

ಎರಡು ಮೂರು ವಿಭಾಗಗಳಿಗೆ ಸೇರಿದ ಪಿಎಚ್‌ಡಿಯ ಕ್ವಾಲಿಫೈಯಿಂಗ್ ಪರೀಕ್ಷೆಯಲ್ಲಿ (ನಮ್ಮ ಐಐಎಸ್‌ಸಿಯಲ್ಲಿ ಕಾಂಪ್ರಹೆನ್ಸಿವ್ ಅನ್ನುತ್ತಾರೆ) ತಡವರಿಸುವವರೆಲ್ಲ ಓದದವರೇನಲ್ಲ. ಪರಿಸರ ಇತಿಹಾಸದ ಪಟ್ಟಿಯನ್ನೂ ಜಲವಿಜ್ಞಾನದ ಪಟ್ಟಿಯನ್ನೂ ಬೇರೆ ಬೇರೆಯಾಗಿ ಅರೆದು ಕುಡಿದಿರುತ್ತಾರೆ. "ಈ ಮಾದರಿಯ ಬಗ್ಗೆ ಇತಿಹಾಸಕಾರರ ತಕರಾರು ಏನು?" ಅಂತ ಕಮಿಟಿಯಲ್ಲಿ ಒಬ್ಬರು ಕೇಳಿದರೆ ಬಾಯಿ ಕಟ್ಟುತ್ತದೆ. ಆ ಪ್ರಶ್ನೆಗೆ ತಯಾರಾಗಲು ಜೊಟೆರೊ (ಉಲ್ಲೇಖ, ಪಿಡಿಎಫ್, ಟಿಪ್ಪಣಿಗಳನ್ನು ಒಂದೆಡೆ ಜೋಡಿಸಿಡುವ ತಂತ್ರಾಂಶ) ಎಷ್ಟು ನೆರವಾಗುತ್ತದೆ ಅನ್ನುವುದಷ್ಟೇ ಇಲ್ಲಿನ ವಿಚಾರ. ತಂತ್ರಾಂಶ ಉಚಿತ, ಮುಕ್ತ ಆಕರದ್ದು. ಏಳನೇ ಆವೃತ್ತಿ ಬಂದದ್ದು 2024ರಲ್ಲಿ.

ಇದರ ಅಸಲಿ ಶಕ್ತಿ ಇರುವುದು ಕಲೆಕ್ಷನ್‌ನಲ್ಲಿ, ಅಂದರೆ ಪೇಪರುಗಳನ್ನು ಗುಂಪು ಮಾಡಿಡುವ ಪಟ್ಟಿಯಲ್ಲಿ. ಕಂಪ್ಯೂಟರಿನ ಫೋಲ್ಡರಿನಲ್ಲಿ ಒಂದು ಪಿಡಿಎಫ್ ಎರಡು ಕಡೆ ಇರಬೇಕಾದರೆ ಎರಡು ಪ್ರತಿ ಬೇಕು, ಟಿಪ್ಪಣಿಯೂ ಎರಡಾಗುತ್ತದೆ. ಇಲ್ಲಿ ಹಾಗಲ್ಲ. ಪ್ರತಿ ಪರೀಕ್ಷಕರ ರೀಡಿಂಗ್ ಲಿಸ್ಟಿಗೆ ಒಂದೊಂದು ಕಲೆಕ್ಷನ್ ಮಾಡಿ, ಎರಡೂ ಪಟ್ಟಿಗೆ ಸಲ್ಲುವ ಪೇಪರನ್ನು ಎರಡಕ್ಕೂ ಎಳೆದು ಹಾಕಿದರೆ ಆಯಿತು. ಪ್ರತಿ ಒಂದೇ, ಟಿಪ್ಪಣಿ ಒಂದೇ. ಪೇಪರನ್ನು ಆರಿಸಿ ವಿಂಡೋಸ್‌ನಲ್ಲಿ ಕಂಟ್ರೋಲ್ ಕೀ (ಮ್ಯಾಕ್‌ನಲ್ಲಿ ಆಪ್ಷನ್) ಒತ್ತಿ ಹಿಡಿದರೆ ಅದಿರುವ ಕಲೆಕ್ಷನ್‌ಗಳೆಲ್ಲ ಎದ್ದು ಕಾಣುತ್ತವೆ. ಹೀಗೆ ಎರಡು ಕಡೆ ಕಾಣುವ ಪೇಪರುಗಳನ್ನೇ ಮೊದಲು ಓದಿ. ಮೌಖಿಕದಲ್ಲಿ ಪ್ರಶ್ನೆ ಹುಟ್ಟುವುದು ಹೆಚ್ಚಾಗಿ ಅಲ್ಲಿಂದಲೇ. ಅಂಥವು ಒಂದೂ ಇಲ್ಲದಿದ್ದರೆ ಪಟ್ಟಿಯಲ್ಲೇ ಐಬಿದೆ, ಗೈಡ್‌ಗಳಿಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡುವುದೇ ಒಳ್ಳೆಯದು.

ಒಂದು ಎಚ್ಚರ: ಕಲೆಕ್ಷನ್ ಒಳಗಿದ್ದು ಡಿಲೀಟ್ ಒತ್ತಿದರೆ ಪೇಪರ್ ಆ ಪಟ್ಟಿಯಿಂದ ಮಾತ್ರ ಹೋಗುತ್ತದೆ. ಎಲ್ಲ ಪೇಪರುಗಳೂ ಕಾಣುವ 'ಮೈ ಲೈಬ್ರರಿ'ಯಲ್ಲಿದ್ದು ಒತ್ತಿದರೆ ನೇರ ಕಸದ ಬುಟ್ಟಿಗೆ, ಎಲ್ಲ ಪಟ್ಟಿಗಳಿಂದಲೂ ಮಾಯ.

ಒಳಗಿನ ಪಿಡಿಎಫ್ ರೀಡರ್ ಚೆನ್ನಾಗಿದೆ. ಗೆರೆ ಎಳೆಯುವ ಬಣ್ಣಗಳಿಗೆ ಮೊದಲೇ ಅರ್ಥ ಕಟ್ಟಿಕೊಳ್ಳಿ: ವಾದಕ್ಕೆ ಹಳದಿ, ವಿಧಾನಕ್ಕೆ ಹಸಿರು, ದೌರ್ಬಲ್ಯಕ್ಕೆ ಕೆಂಪು, ಇನ್ನೊಂದು ಶಿಸ್ತಿಗೆ ತಾಗುವ ಮಾತಿಗೆ ನೀಲಿ. ಪಕ್ಕದ ಪಟ್ಟಿಯಲ್ಲಿ ಬಣ್ಣದ ಪ್ರಕಾರ ಸೋಸಬಹುದಾದ್ದರಿಂದ ಪರೀಕ್ಷೆಯ ಹಿಂದಿನ ದಿನ ಬರೀ ನೀಲಿಯನ್ನು ತಿರುವಿ ಹಾಕಬಹುದು. ಆಮೇಲೆ 'ಆಡ್ ನೋಟ್ ಫ್ರಮ್ ಅನೋಟೇಷನ್ಸ್' ಕೊಟ್ಟರೆ ಗೆರೆ ಎಳೆದದ್ದೆಲ್ಲ ಪುಟಸಂಖ್ಯೆ ಸಹಿತ ನೋಟ್ ಆಗಿ ಬೀಳುತ್ತದೆ. ಕೆಡುವುದೂ ಇಲ್ಲೇ. ಮೂವತ್ತು ಪುಟದ ಲೇಖನಕ್ಕೆ ಐದು ಪುಟದ ನೋಟ್ ಬಂತೆಂದರೆ ಅದನ್ನು ಮತ್ತೆ ಯಾರು ಓದುತ್ತಾರೆ? ಹತ್ತು ಹನ್ನೆರಡು ಗೆರೆಗೆ ನಿಲ್ಲಿಸಿ, ನೋಟಿನ ತಲೆಯ ಮೇಲೆ ಸ್ವಂತ ಮಾತಿನಲ್ಲಿ ನಾಲ್ಕು ಸಾಲು ಬರೆಯಿರಿ: ಏನು ವಾದ, ಯಾವ ಆಧಾರ, ಯಾರ ವಿರುದ್ಧ, ಪಕ್ಕದ ಪಟ್ಟಿಯ ಯಾವ ಪೇಪರಿಗೆ ತಾಗುತ್ತದೆ. ಗೈಡ್‌ಗೆ ಕಳಿಸುವಾಗ ಇನ್ನೊಂದು ವಿಷಯ. ಈ ಗೆರೆಗಳು ಇರುವುದು ಜೊಟೆರೊದ ಡೇಟಾಬೇಸಿನಲ್ಲಿ, ಪಿಡಿಎಫ್ ಕಡತದಲ್ಲಲ್ಲ. ಕಡತವನ್ನು ಹಾಗೇ ಮೇಲ್ ಮಾಡಿದರೆ ಅವರಿಗೆ ಗೆರೆಗಳಿಲ್ಲದ ಪುಟ ಕಾಣುತ್ತದೆ. ಎಕ್ಸ್‌ಪೋರ್ಟ್ ಮಾಡಿಯೇ ಕಳಿಸಬೇಕು.

ಟ್ಯಾಗುಗಳಿಗೆ ಬಣ್ಣ ಕೊಟ್ಟು 1ರಿಂದ 9ರವರೆಗಿನ ಕೀಗಳಿಗೆ ಕಟ್ಟಬಹುದು. 'ಓದಿಲ್ಲ', 'ಓದಿದೆ', 'ನೋಡದೆ ಹೇಳಬಲ್ಲೆ', ಈ ಮೂರು ಸಾಕು.

ಕನ್ನಡದ ಆಕರ ಇಟ್ಟುಕೊಂಡವರಿಗೆ ಕೈಕೆಲಸ ಜಾಸ್ತಿ. 'ನುಡಿ' ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನ ಪಿಡಿಎಫ್‌ನಲ್ಲಿ ಗೆರೆ ಎಳೆದರೆ ನೋಟಿನಲ್ಲಿ ಬರುವುದು ರೋಮನ್ ಅಕ್ಷರಗಳ ಕಲಸುಮೇಲೋಗರ, ಹುಡುಕಾಟಕ್ಕೂ ಸಿಗದು. ಸ್ಕ್ಯಾನ್ ಮಾಡಿದ ಪುಸ್ತಕಕ್ಕೆ ಮೊದಲು ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವ ಕೆಲಸ) ಬೇಕು. ಊರು, ತಂದೆಯ ಹೆಸರುಗಳ ಇನಿಷಿಯಲ್ ಇರುವ ಲೇಖಕರನ್ನು ಮೊದಲ ಹೆಸರು, ಕೊನೆಯ ಹೆಸರು ಎಂದು ಒಡೆಯದೆ, ಹೆಸರಿನ ಪಕ್ಕದ ಗುಂಡಿ ಒತ್ತಿ ಒಂದೇ ಕಾಲಂಗೆ ತಂದುಕೊಂಡರೆ ಉಲ್ಲೇಖದಲ್ಲಿ ಹೆಸರು ತಿರುಗುಮುರುಗಾಗುವುದಿಲ್ಲ.

ಜಾಗದ ವಿಚಾರದಲ್ಲಿ ಮಾತ್ರ ಕೈ ಬಿಗಿ. ಉಲ್ಲೇಖ, ಟಿಪ್ಪಣಿಗಳ ಸಿಂಕ್‌ಗೆ (ಜೊಟೆರೊದ ಸರ್ವರಿನ ಮೂಲಕ ಎಲ್ಲ ಸಾಧನಗಳಲ್ಲೂ ಒಂದೇ ರೀತಿ ಇರಿಸುವುದಕ್ಕೆ) ಮಿತಿಯಿಲ್ಲ. ಕಡತಗಳಿಗೆ ಉಚಿತವಾಗಿ 300 ಎಂಬಿ ಅಷ್ಟೇ. ಸ್ಕ್ಯಾನ್ ಪುಸ್ತಕಗಳಿದ್ದರೆ ಹತ್ತರೊಳಗೇ ತುಂಬೀತು. ಆಮೇಲೆ ಟ್ಯಾಬ್ಲೆಟ್ಟಿನಲ್ಲಿ ಶೀರ್ಷಿಕೆ ಇರುತ್ತದೆ, ಪಿಡಿಎಫ್ ತೆರೆಯುವುದಿಲ್ಲ. ಇದಕ್ಕೆ ಜೊಟೆರೊದ ಡೇಟಾ ಫೋಲ್ಡರನ್ನೇ ಗೂಗಲ್ ಡ್ರೈವಿನೊಳಗೆ ಇಡುವ ಜಾಣತನ ಬೇಡ, ಡೇಟಾಬೇಸ್ ಕೆಡಬಹುದು. ವೆಬ್‌ಡ್ಯಾವ್ ಸೌಲಭ್ಯ (ಕಡತಗಳನ್ನು ಬೇರೊಂದು ಸರ್ವರಿನಲ್ಲಿ ಇಡುವ ವ್ಯವಸ್ಥೆ) ಸಿಕ್ಕರೆ ಅದನ್ನು ಜೋಡಿಸಿ. ಆದರೆ ಹಲವರು ಹಂಚಿಕೊಳ್ಳುವ ಗ್ರೂಪ್ ಲೈಬ್ರರಿಗೆ ಅದು ನಡೆಯುವುದಿಲ್ಲ. ಓದುವ ಗುಂಪು ಕಟ್ಟಿಕೊಂಡವರು ಒಬ್ಬರ ಹೆಸರಿನಲ್ಲಿ ಜಾಗ ಕೊಂಡು ಖರ್ಚು ಹಂಚಿಕೊಳ್ಳುವುದು ಲೇಸು: ಗ್ರೂಪಿನ ಕಡತಗಳು ಅದರ ಒಡೆಯರ ಲೆಕ್ಕಕ್ಕೇ ಬೀಳುತ್ತವೆ.