ನೆಲ ನಿಜವಾಗಿಯೂ ಡೊಂಕು: ಬ್ರೌಸರಲ್ಲಿ ಗೆಟಿಂಗ್ ಓವರ್ ಇಟ್

ಮೊದಲೇ ಹೇಳಿಬಿಡುತ್ತೇನೆ, ನಾನಿನ್ನೂ ತುದಿ ಮುಟ್ಟಿಲ್ಲ. 11 ಗಂಟೆ ಆಡಿದ್ದೇನೆ, 2 ಸಲ ಮತ್ತೆ ಬುಡಕ್ಕೆ ಬಂದು ಬಿದ್ದಿದ್ದೇನೆ, ಅದರಲ್ಲಿ ಒಂದು ಸಲ ತಪ್ಪು ನನ್ನದಲ್ಲ. ಆ ಒಂದು ಸಲದ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಆಟ ಇಷ್ಟೇ. ಡಯೋಜಿನೀಸ್ ಅಂತ ಒಬ್ಬ ಬೋಳುತಲೆಯವನು, ಸೊಂಟದವರೆಗೆ ಹಂಡೆಯೊಳಗೆ ಕೂತಿದ್ದಾನೆ, ಕೈಯಲ್ಲಿ ಉದ್ದ ಹಿಡಿಯ ಸುತ್ತಿಗೆ. ಅದನ್ನು ಬಂಡೆಗೆ ಸಿಕ್ಕಿಸಿ ಮೈ ಎಳೆದುಕೊಳ್ಳುತ್ತಾ, ಇಲ್ಲ ನೆಲಕ್ಕೆ ಊರಿ ನೆಗೆಯುತ್ತಾ ಬೆಟ್ಟ ಹತ್ತಬೇಕು. ಕೀಬೋರ್ಡ್ ಬೇಡ, ಮೌಸಿನ ಬಟನ್ ಕೂಡ ಬೇಡ, ಮೌಸ್ ಆಡಿಸಿದರೆ ಸಾಕು. ಚೆಕ್‌ಪಾಯಿಂಟ್ ಇಲ್ಲ. ಎಲ್ಲಿಗೆ ಉರುಳುತ್ತೀರೋ ಅಲ್ಲಿಂದಲೇ ಮತ್ತೆ ಶುರು.

ಬೆನೆಟ್ ಫಾಡಿ 2017ರಲ್ಲಿ ತಂದ ಮೂಲ ಆಟವನ್ನು ಕಂಪ್ಯೂಟರಿಗೋ ಫೋನಿಗೋ ಇನ್‌ಸ್ಟಾಲ್ ಮಾಡಿಕೊಳ್ಳಬೇಕು. ಅದು 2002ರ ಸೆಕ್ಸಿ ಹೈಕಿಂಗ್ ಅನ್ನುವ ಪುಟ್ಟ ಆಟಕ್ಕೆ ತೋರಿಸಿದ ಗೌರವ (ಹೆಸರು ನೋಡಿ ಏನೇನೋ ಅಂದುಕೊಳ್ಳಬೇಡಿ, ಅಲ್ಲೂ ಸುತ್ತಿಗೆ ಹಿಡಿದು ಬೆಟ್ಟ ಹತ್ತುವುದೇ). ಬ್ರೌಸರಲ್ಲಿ ಸಿಗುವುದು ಬೇರೆಯವರು ಮಾಡಿದ ನಕಲುಗಳು. ಸ್ಕ್ರ್ಯಾಚ್‌ನಲ್ಲಿ ಗ್ರಿಫ್‌ಪ್ಯಾಚ್ ಅನ್ನುವವರು ಮಾಡಿದ್ದು ಒಂದಿದೆ, ಮಕ್ಕಳು ಪ್ರೋಗ್ರಾಮಿಂಗ್ ಕಲಿಯುವ ಬ್ಲಾಕ್‌ಗಳಲ್ಲಿ ಇಷ್ಟೆಲ್ಲ ಆಗುತ್ತಾ ಅಂತ ಬಾಯಿಬಿಟ್ಟುಕೊಂಡು ನೋಡಿದೆ. ನಾನು ಜಾಸ್ತಿ ಆಡಿದ್ದು ಇನ್ನೊಂದು ಸೈಟಿನದು, ಅದರ ಹೆಸರು ಬೇಡ. ತಮಾಷೆ ಏನು ಗೊತ್ತಾ, ಫಾಡಿಗೆ ಹೆಸರು ತಂದುಕೊಟ್ಟಿದ್ದೇ ಬ್ರೌಸರ್ ಆಟಗಳು. 2008ರ ಕ್ವಾಪ್‌ನಲ್ಲಿ ಓಟಗಾರನ ತೊಡೆ, ಮೀನಖಂಡಗಳನ್ನು ನಾಲ್ಕು ಕೀಗಳಲ್ಲಿ ಆಡಿಸಬೇಕು. 2011ರ ಗರ್ಪ್‌ನಲ್ಲಿ ಕಲ್ಲಿನ ಗೋಡೆ ಹತ್ತಬೇಕು, ಒಂದೊಂದು ಹಿಡಿತಕ್ಕೂ ಒಂದೊಂದು ಅಕ್ಷರದ ಕೀ, ಕೆಳಗಿಂದ ನೀರು ಏರುತ್ತಿರುತ್ತದೆ, ಬೆರಳುಗಳು ಕೀಬೋರ್ಡಿನ ಮೇಲೆ ಗಂಟು ಬೀಳುತ್ತವೆ.

ಆಟದ ರುಚಿ ಎಲ್ಲಿದೆ ಅಂದರೆ ಕೈಯಲ್ಲಿ. ಮೊದಲ ಒಣಮರ ದಾಟಲು ನನಗೆ ಅರ್ಧ ಗಂಟೆ ಬೇಕಾಯಿತು. ಮೌಸನ್ನು ಮೇಲೆ ಎತ್ತಿದರೆ ಮನುಷ್ಯ ಮೇಲೆ ಹೋಗುತ್ತಾನೆ ಅಂತ ತಲೆ ಅಂದುಕೊಳ್ಳುತ್ತದೆ, ಆದರೆ ಸುತ್ತಿಗೆ ಬಂಡೆಗೆ ಸಿಕ್ಕಿಕೊಂಡಿದ್ದಾಗ ಮೌಸ್ ಕೆಳಗೆ ಎಳೆದರೇ ಅವನು ಮೇಲೆ ಏರುವುದು, ಬಾವಿಯ ಹಗ್ಗ ಎಳೆದ ಹಾಗೆ. ಇದು ಬುದ್ಧಿಗೆ ಒಂದು ನಿಮಿಷದಲ್ಲಿ ತಿಳಿಯುತ್ತದೆ, ಮಣಿಕಟ್ಟಿಗೆ ತಿಳಿಯಲು ಎರಡು ದಿನ. ಆಮೇಲೆ ನೆಲಕ್ಕೆ ಸುತ್ತಿಗೆ ಕುಕ್ಕಿ ಚಿಮ್ಮುವುದು ಬರುತ್ತದೆ, ಆಮೇಲೆ ಎರಡು ಗೋಡೆಗಳ ನಡುವಿನ ಚಿಮಣಿ ಸಿಗುತ್ತದೆ, ಆಟಗಾರರು ಅದನ್ನು ಡೆವಿಲ್ಸ್ ಚಿಮ್ನಿ ಅನ್ನುತ್ತಾರೆ. ಅಲ್ಲಿ ಗೋಡೆಯಿಂದ ಚಾಚಿದ ಒಂದು ದೀಪ ಇದೆ. ಆ ದೀಪಕ್ಕೆ ಸುತ್ತಿಗೆ ಸಿಕ್ಕಿಸಿ ನೇತಾಡಿದಷ್ಟು ಹೊತ್ತು ನಾನು ಯಾವ ಕೆಲಸಕ್ಕೂ ಗಮನ ಕೊಟ್ಟಿಲ್ಲ.

ಬಿದ್ದಾಗ ಸಿಟ್ಟು ಬರುತ್ತದೆ ನಿಜ, ಆದರೆ ಆ ಸಿಟ್ಟು ನನ್ನ ಮೇಲೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದನ್ನು ಹೇಳುವುದಕ್ಕೂ ಮೂಲ ಆಟದಲ್ಲಿ ಜಾಗ ಇಲ್ಲ, ಯಾಕೆಂದರೆ ಅಲ್ಲಿ ಅದೃಷ್ಟದ ಮಾತೇ ಇಲ್ಲ. ಬೆಟ್ಟ ಯಾವತ್ತೂ ಅದೇ ಬೆಟ್ಟ, ಸುತ್ತಿಗೆ ಅದೇ ಸುತ್ತಿಗೆ. ಪಳಗಿದವರು 2 ನಿಮಿಷದೊಳಗೆ ತುದಿ ಮುಟ್ಟುತ್ತಾರೆ ಅಂದಮೇಲೆ ನಾವು ಯಾರನ್ನು ದೂರುವುದು?

ಬ್ರೌಸರಲ್ಲಿ ಮಾತ್ರ ನೆಲ ನಿಜವಾಗಿಯೂ ಡೊಂಕು. ಪಕ್ಕದ ಟ್ಯಾಬಿನಲ್ಲಿ ಏನೋ ಲೋಡ್ ಆಗುತ್ತಿತ್ತು, ನಾನು ಕಿತ್ತಳೆ ಹಣ್ಣಿರುವ ಆ ಕೆಟ್ಟ ಜಾಗದಲ್ಲಿ ಉಸಿರು ಬಿಗಿಹಿಡಿದು ಸುತ್ತಿಗೆ ಚಾಚುತ್ತಿದ್ದೆ, ಪರದೆ ಒಂದು ಕ್ಷಣ ನಿಂತಿತು ಅಷ್ಟೇ. ಪರದೆ ನಿಂತರೂ ಕೈ ನಿಂತಿರುವುದಿಲ್ಲವಲ್ಲ. ಅಷ್ಟು ಹೊತ್ತಿನ ಮೌಸಿನ ಚಲನೆಯೆಲ್ಲ ಒಂದೇ ಏಟಿಗೆ ಸುತ್ತಿಗೆಗೆ ಬಿತ್ತು, ಸುತ್ತಿಗೆ ಬಂಡೆಯೊಳಗೆ ತೂರಿತು, ಹಂಡೆ ಫಿರಂಗಿ ಗುಂಡಿನ ಹಾಗೆ ಹಾರಿತು. ಮತ್ತೆ ಒಣಮರದ ಹತ್ತಿರ. ಅದಾದ ಮೇಲೆ ಪ್ರತಿ ಸಲ ಬಿದ್ದಾಗಲೂ ಇದು ನಾನಾ, ಬ್ರೌಸರಾ ಅಂತ ಅನುಮಾನ. ಆ ಅನುಮಾನ ಬಂತು ಅಂದರೆ ಆಟ ಅರ್ಧ ಸತ್ತ ಹಾಗೆ.

ಇನ್ನೊಂದು ಕೊರತೆ ಇದೆ. ಮೂಲದಲ್ಲಿ ನೀವು ಬಿದ್ದಾಗ ಫಾಡಿಯ ದನಿ ಬಂದು ಸೋಲಿನ ಬಗ್ಗೆ ತಣ್ಣಗೆ ಏನಾದರೂ ಹೇಳುತ್ತದೆ, ಗಾಯಕ್ಕೆ ಉಪ್ಪು ಸವರಿದ ಹಾಗೆ. ನಾನು ಆಡಿದ ನಕಲಿನಲ್ಲಿ ಆ ದನಿ ಇಲ್ಲ, ಅದರ ಬದಲು ಜಾಹೀರಾತು. ಬಿದ್ದ ಮೇಲೆ ಉಪ್ಪಾದರೂ ಇರಲಿ ಅನ್ನಿಸಿತು.

ಆದರೂ ಸುಮ್ನೆ ಒಂದು ಕೈ ನೋಡೋಣ ಅನ್ನುವವರು ಬ್ರೌಸರಲ್ಲೇ ನೋಡಿ, ತಪ್ಪಿಲ್ಲ. ಬೇರೆ ಟ್ಯಾಬ್‌ಗಳನ್ನು ಮುಚ್ಚಿ, ಲ್ಯಾಪ್‌ಟಾಪಿನ ಬ್ಯಾಟರಿ ಸೇವರ್ ಆಫ್ ಮಾಡಿ, ಬ್ರೌಸರ್ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್ (ಚಿತ್ರ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸುವುದು) ಆನ್ ಇದೆಯಾ ನೋಡಿ. ಟಚ್‌ಪ್ಯಾಡ್ ಮಾತ್ರ ಬೇಡವೇ ಬೇಡ, ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ಬೆರಳು ಅಂಚಿಗೆ ಬಂದಿರುತ್ತದೆ. ಇನ್‌ಕಾಗ್ನಿಟೋದಲ್ಲೂ (ಬ್ರೌಸರಿನ ಖಾಸಗಿ ವಿಂಡೋದಲ್ಲಿ) ಆಡಬೇಡಿ. ಇಂಥ ಆಟಗಳು ನೀವು ಎಲ್ಲಿದ್ದೀರಿ ಅನ್ನುವುದನ್ನು ಬ್ರೌಸರಿನೊಳಗೇ ಉಳಿಸಿಕೊಳ್ಳುತ್ತವೆ, ಆ ವಿಂಡೋ ಮುಚ್ಚಿದರೆ ಬೀಳದೆಯೇ ಬುಡಕ್ಕೆ ಬರುತ್ತೀರಿ. ಒಣಮರ ದಾಟಿದ ಮೇಲೂ ಇನ್ನೊಮ್ಮೆ ಆಡಬೇಕು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ ಮೂಲ ಆಟ ಕೊಳ್ಳಿ.

ನಕಲಿಗೆ 5ಕ್ಕೆ ಎರಡೂವರೆ ಕೊಡುತ್ತೇನೆ, ಆ ಅರ್ಧ ದೀಪಕ್ಕೆ. ಮೂಲ ಆಟ ಮೊನ್ನೆ ಕೊಂಡೆ, ನಿನ್ನೆ ರಾತ್ರಿ ಚಿಮಣಿಯಿಂದ ಜಾರಿ ಬಿದ್ದೆ. ಈ ಸಲ ತಪ್ಪು ನನ್ನದೇ, ಅವಸರ ಮಾಡಿದೆ.